ಪಂಪ್‌ಸೆಟ್ ಪ್ಯಾನೆಲ್‌ಗೆ ಫರ್ಮ್‌ವೇರ್ ತುಂಬಲು ನಾಲ್ಕು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ಗಳು: ಸಿಪಿ2102 ತಗೊಳ್ಳಿ, ಆದರೆ ಆರನೇ ಪಿನ್ ನೋಡಿ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ: ಸಿಪಿ2102 ಚಿಪ್ ಇರುವ ಅಡಾಪ್ಟರ್, ಅಂದರೆ ಲ್ಯಾಪ್‌ಟಾಪ್‌ನ ಯುಎಸ್‌ಬಿಯನ್ನು ಪ್ಯಾನೆಲ್ ಬೋರ್ಡಿನ ಸೀರಿಯಲ್ ವೈರ್‌ಗೆ ಜೋಡಿಸುವ ಚಿಕ್ಕ ಹಲಗೆ. ಅದರಲ್ಲೂ ಆರನೇ ಪಿನ್ನಿನ ಪಕ್ಕ ‘ಡಿಟಿಆರ್’ (ಲ್ಯಾಪ್‌ಟಾಪ್ ಮೇಲೆ ಕೆಳಗೆ ಆಡಿಸಬಲ್ಲ ಗೆರೆ, ಇದರಿಂದಲೇ ಪ್ಯಾನೆಲ್ ಬೋರ್ಡನ್ನು ರೀಸೆಟ್ ಮಾಡುವುದು) ಎಂದು ಅಚ್ಚಾಗಿರುವ ಬೋರ್ಡೇ ಆಗಬೇಕು. ಅದೇ ಜಾಗದಲ್ಲಿ ‘ಆರ್‌ಎಸ್‌ಟಿ’ ಎಂದಿದ್ದರೆ ದುಡ್ಡು ಕೊಡುವ ಮುಂಚೆ ಕೆಳಗಿನದನ್ನು ಓದಿ. ಆನ್‌ಲೈನ್ ಫೋಟೊದಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಚಿಪ್ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಕೆಲಸಕ್ಕೆ ಹಚ್ಚಿದಾಗ ಮಾತ್ರ ಒಂದು ಐದು ನಿಮಿಷದಲ್ಲಿ ಮುಗಿಸುತ್ತದೆ, ಇನ್ನೊಂದು ಒಂದು ಭಾನುವಾರ ತಿನ್ನುತ್ತದೆ.

ಹೋಲಿಸಿದ್ದು ಯಾವ ಕೆಲಸಕ್ಕೆ ಅಂದರೆ, ಚಳ್ಳಕೆರೆ, ಹಿರಿಯೂರು ಕಡೆಯ ಬೋರ್‌ವೆಲ್ ಪಂಪ್‌ಗಳ ಆಟೋ ಸ್ಟಾರ್ಟರ್ ಪ್ಯಾನೆಲ್‌ಗೆ. ಒಳಗಿರುವುದು ಎಸ್‌ಟಿಎಂ32ಎಫ್103ಸಿ8 ಎಂಬ ಮೈಕ್ರೋಕಂಟ್ರೋಲರ್ ಚಿಪ್; ಅದರ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಉಳಿಯುವ ಫ್ಲ್ಯಾಶ್ ಮೆಮೊರಿ 64 ಕಿಲೋಬೈಟ್. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಡ್ರೈ ರನ್ ಟ್ರಿಪ್ ಆಗುವ ಆಂಪಿಯರ್ ಬದಲಿಸಬೇಕು, ಬಾವಿ ತುಂಬಿಕೊಳ್ಳಲು ಕಾಯುವ ನಿಮಿಷ ಹೆಚ್ಚಿಸಬೇಕು, ತ್ರೀ ಫೇಸ್ ಬಂದ ಕೂಡಲೇ ಮೂರೂ ಫೇಸ್ ಸಮ ಇದೆಯಾ ಅಂತ ನೋಡುವ ಲೆಕ್ಕ ತಿದ್ದಬೇಕು. ಬೋರ್ಡ್ ಬಿಚ್ಚಿ ದಾವಣಗೆರೆಗೆ ತಂದರೆ ತೋಟಕ್ಕೆ ಎರಡು ದಿನ ನೀರಿಲ್ಲ. ಆದ್ದರಿಂದ ಲ್ಯಾಪ್‌ಟಾಪನ್ನೇ ಪಂಪ್ ಮನೆಗೆ ಒಯ್ದು, ಸೀರಿಯಲ್ ವೈರ್ ಮೇಲೆ ಫ್ಲ್ಯಾಶ್ ಬರೆಯುವುದೇ ಸರಿ.

ಇದಕ್ಕೆ ಚಿಪ್ಪಿನೊಳಗೇ ಬೂಟ್‌ಲೋಡರ್ ಇದೆ, ಅಂದರೆ ಸೀರಿಯಲ್ ವೈರ್‌ನಲ್ಲಿ ಬಂದದ್ದನ್ನು ಫ್ಲ್ಯಾಶ್‌ಗೆ ಬರೆಯುವ ಪುಟ್ಟ ಪ್ರೋಗ್ರಾಂ. ತಯಾರಕರು ಸಿಸ್ಟಂ ಮೆಮೊರಿಯಲ್ಲಿ ಅಚ್ಚು ಹಾಕಿ ಕಳಿಸಿದ್ದು. ನಾವು ಅಳಿಸುತ್ತೇವೆ ಅಂದರೂ ಅಳಿಯುವುದಿಲ್ಲ. ಬೂಟ್0 ಪಿನ್ ಮೇಲಕ್ಕೆ (3.3 ವೋಲ್ಟ್), ಬೂಟ್1 ಪಿನ್ ಕೆಳಕ್ಕೆ (ಗ್ರೌಂಡ್), ರೀಸೆಟ್ ಮಾಡಿದರೆ ಅದು ಏಳುತ್ತದೆ. ಪಿಎ9 ಪಿನ್ ಕಳಿಸುತ್ತದೆ, ಪಿಎ10 ಪಿನ್ ಕೇಳಿಸಿಕೊಳ್ಳುತ್ತದೆ. ಅರ್ಧ ಬರೆದಾಗ ಲ್ಯಾಪ್‌ಟಾಪ್ ಬ್ಯಾಟರಿ ಸತ್ತರೂ ಬೋರ್ಡ್ ಸಾಯುವುದಿಲ್ಲ, ಮತ್ತೆ ಮೊದಲಿಂದ ಬರೆದರಾಯಿತು. ನಮ್ಮದೇ ಬೂಟ್‌ಲೋಡರ್ ಬರೆದು ಫ್ಲ್ಯಾಶಿನ ತಲೆಯಲ್ಲಿ ಕೂರಿಸುವವರಿಗೆ ಈ ನೆಮ್ಮದಿ ಇಲ್ಲ.

ಹಾಗಾಗಿ ಉಳಿಯುವ ಪ್ರಶ್ನೆ ಲ್ಯಾಪ್‌ಟಾಪ್‌ಗೂ ಬೋರ್ಡಿಗೂ ನಡುವೆ ಏನು ಹಾಕಬೇಕು ಎನ್ನುವುದೊಂದೇ. ನೋಡಿದ್ದು ನಾಲ್ಕು: ಸಿಎಚ್340ಜಿ, ಸಿಪಿ2102, ಎಫ್‌ಟಿ232ಆರ್‌ಎಲ್, ಮತ್ತು ನಾಲ್ಕು ಬಣ್ಣದ ವೈರ್ ನೇತಾಡುವ ಪಿಎಲ್2303 ಕೇಬಲ್. ಕೊಂಡಾಗ ಸಿಎಚ್340 ನೂರರ ಆಸುಪಾಸು, ಸಿಪಿ2102 ನೂರೈವತ್ತರಿಂದ ಇನ್ನೂರು, ಎಫ್‌ಟಿ232 ಅದರ ಎರಡರಷ್ಟು. ಬಾಡ್ ರೇಟ್, ಅಂದರೆ ಸೆಕೆಂಡಿಗೆ ಹೋಗುವ ಬಿಟ್, ಎಷ್ಟು ಲಕ್ಷದವರೆಗೆ ಹೋಗುತ್ತದೆ ಎನ್ನುವ ಪಟ್ಟಿ ಇಲ್ಲಿ ಬೇಡ. ಬೂಟ್‌ಲೋಡರ್ ಕೇಳುವುದೇ 1200ರಿಂದ 1,15,200ರವರೆಗೆ. ಅಷ್ಟನ್ನು ನಾಲ್ಕೂ ಮಾಡುತ್ತವೆ.

ಪಿಎಲ್2303: ಬೇಡ

ಕೇಬಲ್ ನೋಡಲು ಚೆಂದ, ಚೀಲದಲ್ಲಿ ಮುರಿಯುವುದಿಲ್ಲ. ಆದರೆ ಡಿಟಿಆರ್ ವೈರೇ ಹೊರಗೆ ಬಂದಿಲ್ಲ. ಹೊಸ ವಿಂಡೋಸ್‌ನಲ್ಲಿ ಹಳೆಯ ಎಚ್‌ಎಕ್ಸ್‌ಎ ಚಿಪ್ಪನ್ನೂ ನಕಲಿ ಚಿಪ್ಪನ್ನೂ ಡ್ರೈವರ್ ಗುರುತಿಸಿ ಕೈಬಿಡುತ್ತದೆ: ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 10, ಅಥವಾ ಈ ಚಿಪ್ 2012ರಲ್ಲೇ ನಿಂತುಹೋಗಿದೆ, ಮಾರಿದವರನ್ನು ಕೇಳಿ ಎನ್ನುವ ಅರ್ಥದ ಸಾಲು. ಮಾರಿದವರು ಎಲ್ಲಿದ್ದಾರೆ! ಲಿನಕ್ಸ್‌ನಲ್ಲಿ ಅದೇ ಕೇಬಲ್ ತಕರಾರಿಲ್ಲದೆ ನಡೆಯುತ್ತದೆ. ಮನೆಯಲ್ಲಿ ಈಗಾಗಲೇ ಬಿದ್ದಿದ್ದರೆ ಬಳಸಿ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಅಡಾಪ್ಟರ್ ಕಳಿಸುವುದು, ಬಿಳಿ ಅಡಾಪ್ಟರ್ ಕೇಳುವುದು ಎನ್ನುವುದು ಸಾಮಾನ್ಯ ಕ್ರಮ. ನಕಲಿಗಳಲ್ಲಿ ಬಣ್ಣ ನಂಬಬೇಡಿ, ಮೀಟರ್ ಇಟ್ಟು ನೋಡಿ. ಸುಮ್ಮನಿರುವಾಗ 3.3 ವೋಲ್ಟ್ ಗಟ್ಟಿಯಾಗಿ ತೋರಿಸುವುದು ಕಳಿಸುವ ವೈರ್.

ಸಿಎಚ್340 ಮತ್ತು ಪ್ಯಾರಿಟಿಯ ಮಾಯೆ

ಅಗ್ಗ, ಎಲ್ಲೆಡೆ ಸಿಗುತ್ತದೆ, ಎರಡನೇ ಸ್ಥಾನ ಇದಕ್ಕೇ. ಆದರೆ ಹಳೆಯ ಲಿನಕ್ಸ್ ಕರ್ನೆಲ್ ಇರುವ ಲ್ಯಾಪ್‌ಟಾಪ್‌ನಲ್ಲಿ ಇದರ ಡ್ರೈವರ್ ಪ್ಯಾರಿಟಿ (ಬೈಟಿನ ಕೊನೆಗೆ ಸೇರಿಸುವ ತಪಾಸಣೆ ಬಿಟ್) ಸೆಟ್ಟಿಂಗನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎಸ್‌ಟಿಎಂ32 ಬೂಟ್‌ಲೋಡರ್ ಮಾತಾಡುವುದು 8 ಡೇಟಾ ಬಿಟ್, ಈವನ್ (ಸಮ) ಪ್ಯಾರಿಟಿ, ಬೈಟ್ ಮುಗಿಯಿತು ಎನ್ನುವ 1 ಸ್ಟಾಪ್ ಬಿಟ್‌ನಲ್ಲಿ. ಆರ್ಡುಯಿನೊದಿಂದ ಈ ಕಡೆ ಬಂದವರಿಗೆ ಪ್ಯಾರಿಟಿ ಅನ್ನುವುದು ಇದೆ ಅಂತಲೇ ನೆನಪಿರುವುದಿಲ್ಲ.

ತಮಾಷೆ ಏನೆಂದರೆ, ಪ್ಯಾರಿಟಿ ತಪ್ಪಿದ್ದರೂ ಮೊದಲ ಹೆಜ್ಜೆ ಗೆಲ್ಲುತ್ತದೆ. ಲ್ಯಾಪ್‌ಟಾಪ್ ಮೊದಲು ಕಳಿಸುವ ಬೈಟ್ ಹೆಕ್ಸ್ 7ಎಫ್. ಚಿಪ್ ಅದರ ಅಗಲ ಅಳೆದು ಬಾಡ್ ರೇಟ್ ಲೆಕ್ಕ ಹಾಕುತ್ತದೆ. 7ಎಫ್‌ನಲ್ಲಿ ಏಳು ಒಂದುಗಳಿವೆ. ಏಳು ಬೆಸ, ಅದನ್ನು ಸಮ ಮಾಡಲು ಪ್ಯಾರಿಟಿ ಬಿಟ್ 1 ಆಗಬೇಕು. ಪ್ಯಾರಿಟಿ ಕಳಿಸದ ಅಡಾಪ್ಟರ್ ಅದೇ ಜಾಗದಲ್ಲಿ ಸ್ಟಾಪ್ ಬಿಟ್ ಕಳಿಸುತ್ತದೆ, ಅದೂ 1. ಚಿಪ್ಪಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಚಿಪ್ ಕೊಡುವ ಉತ್ತರ ಹೆಕ್ಸ್ 79. ಅದರಲ್ಲಿ ಐದು ಒಂದುಗಳು, ಮತ್ತೆ ಬೆಸ, ಮತ್ತೆ ಪ್ಯಾರಿಟಿ 1. ಲ್ಯಾಪ್‌ಟಾಪ್ ಅದನ್ನು ಸ್ಟಾಪ್ ಬಿಟ್ ಅಂದುಕೊಂಡು ಸುಮ್ಮನಾಗುತ್ತದೆ. ಇಬ್ಬರೂ ನಮಸ್ಕಾರ ಮಾಡಿ ಆಯಿತು.

ಮುಂದಿನ ಆದೇಶದಲ್ಲಿ ಬಣ್ಣ ಬಯಲಾಗುತ್ತದೆ. ‘ಗೆಟ್’ ಆದೇಶ ಅಂದರೆ 00, ಅದರ ಬೆನ್ನಿಗೇ ಎಫ್‌ಎಫ್. 00ಗೆ ಪ್ಯಾರಿಟಿ 0 ಬರಬೇಕಿತ್ತು, ಬಂದದ್ದು 1. ಅದಾದ ಮೇಲೆ ಚಿಪ್ ಸ್ಟಾಪ್ ಬಿಟ್ ಕಾಯುತ್ತಿದ್ದರೆ ಅಲ್ಲಿಗೆ ಎಫ್‌ಎಫ್‌ನ ಸ್ಟಾರ್ಟ್ ಬಿಟ್ ಬಂದು ಕೂತಿರುತ್ತದೆ. ಫ್ರೇಮ್ ತಪ್ಪಿತು, ಅಲ್ಲಿಂದಾಚೆಗೆ ತಾಳ ತಪ್ಪಿದ ಭಜನೆ. ಆದ್ದರಿಂದ ‘79 ಬಂತು, ಆಮೇಲೆ ಏನೂ ಬರಲಿಲ್ಲ’ ಎನ್ನುವ ದೂರು ಇದ್ದರೆ ಬೂಟ್0 ಜಂಪರ್, ರೀಸೆಟ್, ಪವರ್ ಯಾವುದನ್ನೂ ಮುಟ್ಟಬೇಡಿ. ಅವೆಲ್ಲ ಸರಿ ಇರುವುದರಿಂದಲೇ 79 ಬಂದಿದೆ. ಪ್ಯಾರಿಟಿ ನೋಡಿ.

ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಕೇಳುವ) ಪಿನ್ ಎರಡನ್ನೂ ಸೇರಿಸಿ ಲೂಪ್‌ಬ್ಯಾಕ್ ಪರೀಕ್ಷೆ ಮಾಡಿ ‘ಅಡಾಪ್ಟರ್ ಸರಿ ಇದೆ’ ಅನ್ನುವುದು ಇಲ್ಲಿ ಉಪಯೋಗಕ್ಕಿಲ್ಲ. ತಾನೇ ಬಿಟ್ಟ ಪ್ಯಾರಿಟಿಯನ್ನು ತಾನೇ ಕೇಳುವುದಿಲ್ಲವಲ್ಲ, ಹಾಗಾಗಿ ಪಾಸ್ ಆಗುತ್ತದೆ. ಎರಡು ಅಡಾಪ್ಟರ್ ಎದುರುಬದುರು ಕಟ್ಟಿ, ಒಂದನ್ನು ಮಾತ್ರ ಈವನ್ ಪ್ಯಾರಿಟಿಗೆ ಹಾಕಿ, ಅದರಿಂದ ಒಂದರ ಹಿಂದೊಂದು 00 ಕಳಿಸಿ ನೋಡಿ. ಕಸ ಬಂದರೆ ಪ್ಯಾರಿಟಿ ನಿಜವಾಗಿ ಹೋಗುತ್ತಿದೆ. ನೀಟಾಗಿ ಬಂದರೆ ಡ್ರೈವರ್ ನಿಮಗೆ ಸುಳ್ಳು ಹೇಳುತ್ತಿದೆ. ಹೊಸ ಕರ್ನೆಲ್ ಹಾಕಿದರೆ ಸಮಸ್ಯೆ ಮುಗಿಯಿತು.

ಇನ್ನೊಂದು, ಉಬುಂಟು 22.04ರಲ್ಲಿ ಸಿಎಚ್340 ಚುಚ್ಚಿದ ಕ್ಷಣವೇ ಪೋರ್ಟ್ ಬಂದು ಮಾಯವಾಗುತ್ತದೆ. ಬ್ರೈಲ್ ಡಿಸ್‌ಪ್ಲೇಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದೇ ಐಡಿಯನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಯಾರೂ ಬ್ರೈಲ್ ಡಿಸ್‌ಪ್ಲೇ ಬಳಸದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ. ವಿಂಡೋಸ್‌ನವರು ಡ್ರೈವರ್ ಫೈಲನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಂಡು ಹೊರಡಿ. ಪಂಪ್ ಮನೆಯಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ.

ಎಫ್‌ಟಿ232: ದುಬಾರಿ, ಮೇಲಾಗಿ ನಿಧಾನ

ಹೆಚ್ಚು ಕೊಟ್ಟರೆ ಹೆಚ್ಚು ವೇಗ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಕಾರಣ ಲೇಟೆನ್ಸಿ ಟೈಮರ್. ಈ ಚಿಪ್ ಬಂದ ಬೈಟ್‌ಗಳನ್ನು ಕೂಡಲೇ ಲ್ಯಾಪ್‌ಟಾಪ್‌ಗೆ ಕೊಡದೆ, ಬಫರ್ ತುಂಬುವವರೆಗೆ ಅಥವಾ ಟೈಮರ್ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಮೊದಲೇ ಹೊಂದಿಸಿರುವ ಅವಧಿ 16 ಮಿಲಿಸೆಕೆಂಡ್.

ಬೂಟ್‌ಲೋಡರ್ ಒಂದು ಸಲಕ್ಕೆ 256 ಬೈಟ್ ಮಾತ್ರ ಬರೆಯುತ್ತದೆ. ಪ್ರತಿ ಸಲಕ್ಕೂ ಮೂರು ಒಪ್ಪಿಗೆ: ಆದೇಶಕ್ಕೊಂದು, ವಿಳಾಸಕ್ಕೊಂದು, ಡೇಟಾಗೊಂದು. ಒಪ್ಪಿಗೆ ಅಂದರೆ ಒಂದೇ ಒಂದು ಬೈಟ್, ಅದರಿಂದ ಬಫರ್ ತುಂಬುವ ಮಾತೇ ಇಲ್ಲ, ಟೈಮರ್ ಮುಗಿಯಲೇಬೇಕು. 40 ಕಿಲೋಬೈಟ್ ಫರ್ಮ್‌ವೇರ್ ಅಂದರೆ 160 ತುಂಡು, 480 ಒಪ್ಪಿಗೆ. ತಲಾ 16 ಮಿಲಿಸೆಕೆಂಡ್ ಹಿಡಿದರೆ ಏಳೂವರೆ ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಬರೀ ಕಾಯುವುದರಲ್ಲೇ ಹೋಯಿತು. ಡೇಟಾ ಹೋಗಲು ಬೇಕಾದದ್ದು ಎಷ್ಟು? ಪ್ಯಾರಿಟಿ ಸೇರಿ ಬೈಟ್‌ಗೆ 11 ಬಿಟ್, 40,960 ಬೈಟ್, 1,15,200 ವೇಗ: 3.9 ಸೆಕೆಂಡ್. ಊಟಕ್ಕಿಂತ ಉಪ್ಪಿನಕಾಯಿಯೇ ಹೆಚ್ಚಾಯಿತು.

ಮದ್ದು ಸುಲಭ. ವಿಂಡೋಸ್‌ನಲ್ಲಿ ಆ ಪೋರ್ಟ್‌ನ ಪ್ರಾಪರ್ಟೀಸ್, ಅಡ್ವಾನ್ಸ್‌ಡ್‌ಗೆ ಹೋಗಿ ಲೇಟೆನ್ಸಿ ಟೈಮರ್ 1 ಮಾಡಿ. ಲಿನಕ್ಸ್‌ನಲ್ಲಿ ಸಿಸ್ ಫೈಲ್‌ಸಿಸ್ಟಂ ಒಳಗೆ ಆ ಪೋರ್ಟ್‌ನ ಲೇಟೆನ್ಸಿ ಟೈಮರ್ ಫೈಲ್‌ಗೆ 1 ಬರೆಯಿರಿ. ಅಡಾಪ್ಟರ್ ಕಿತ್ತು ಚುಚ್ಚಿದರೆ ಮತ್ತೆ 16 ಆಗುತ್ತದೆ, ಚುಚ್ಚಿದಾಗಲೆಲ್ಲ ತಾನೇ ಓಡುವ ಯುಡೆವ್ ನಿಯಮದಲ್ಲಿ ಹಾಕಿಟ್ಟರೆ ನೆಮ್ಮದಿ. ಇದಾದ ಮೇಲೆ ಎಫ್‌ಟಿ232 ನಿಜಕ್ಕೂ ಒಳ್ಳೆಯದು, ಪ್ಯಾರಿಟಿ ಅಚ್ಚುಕಟ್ಟು, ಡಿಟಿಆರ್ ಹೊರಗಿದೆ. ಆದರೆ ಕಡಿಮೆ ಬೆಲೆಗೆ ಸಿಗುವ ಕೆಂಪು ಬೋರ್ಡ್ ಅಸಲಿ ಎಂದು ಹೇಳುವ ಧೈರ್ಯ ನನಗಿಲ್ಲ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಡ್ರೈವರ್ ನಕಲಿ ಚಿಪ್‌ಗಳ ಪ್ರಾಡಕ್ಟ್ ಐಡಿಯನ್ನೇ 0000 ಮಾಡಿ ಕೂರಿಸಿತ್ತು. ಆಮೇಲೆ ಆ ಡ್ರೈವರ್ ಹಿಂದೆ ತಗೊಂಡರೂ ಗಾಯದ ಗುರುತು ಮನಸ್ಸಿನಲ್ಲಿದೆ.

ಸಿಪಿ2102ರ ಆರನೇ ಪಿನ್

ಈಗ ಗೆದ್ದವನ ತಕರಾರು. ಗೆದ್ದವನದ್ದೇ ದೊಡ್ಡದು.

ಸಿಪಿ2102ರ ಆರು ಪಿನ್ ಬೋರ್ಡ್ ಎರಡು ಜಾತಿ. ಒಂದರಲ್ಲಿ 3.3 ವೋಲ್ಟ್, ಟಿಎಕ್ಸ್‌ಡಿ, ಆರ್‌ಎಕ್ಸ್‌ಡಿ, ಗ್ರೌಂಡ್, 5 ವೋಲ್ಟ್ ಜೊತೆಗೆ ಡಿಟಿಆರ್. ಇನ್ನೊಂದರಲ್ಲಿ ಅವೇ ಐದು, ಆರನೆಯದು ಆರ್‌ಎಸ್‌ಟಿ. ‘ರೀಸೆಟ್ ಅಂದರೆ ಬೋರ್ಡನ್ನು ರೀಸೆಟ್ ಮಾಡುವ ಪಿನ್, ಇನ್ನೂ ಒಳ್ಳೆಯದಾಯಿತು’ ಅಂತ ಯಾರಿಗಾದರೂ ಅನಿಸುವುದು ಸಹಜ. ಅದು ಹಾಗಲ್ಲ. ಅದು ಸಿಪಿ2102 ಚಿಪ್ಪಿನದೇ ರೀಸೆಟ್, ಚಿಪ್ಪಿನ 9ನೇ ಕಾಲು. ಅದರಿಂದ ಎಸ್‌ಟಿಎಂ32 ಕಡೆಗೆ ಲ್ಯಾಪ್‌ಟಾಪ್ ಹೇಳಿದ ಸಂಕೇತ ಯಾವುದೂ ಹೊರಡುವುದಿಲ್ಲ.

ಅಷ್ಟಾದರೆ ಕೆಲಸ ಆಗಲಿಲ್ಲ ಅಂತ ಬಿಡಬಹುದಿತ್ತು. ಇದು ಉಲ್ಟಾ ಕೆಲಸ ಮಾಡುತ್ತದೆ. ಆ ಪಿನ್ನನ್ನು ಪ್ಯಾನೆಲ್ ಬೋರ್ಡಿನ ಎನ್‌ಆರ್‌ಎಸ್‌ಟಿಗೆ, ಅಂದರೆ ಎಸ್‌ಟಿಎಂ32ರ ರೀಸೆಟ್ ಪಿನ್ನಿಗೆ, ನೇರವಾಗಿ ಕಟ್ಟಿದ್ದೀರಿ ಅಂದುಕೊಳ್ಳಿ. ಬೋರ್ಡಿನ ರೀಸೆಟ್ ಗುಂಡಿ ಒತ್ತಿದಾಗ ಗೆರೆ ನೆಲಕ್ಕೆ ಇಳಿಯುತ್ತದೆ, ಜೊತೆಗೆ ಸಿಪಿ2102 ಕೂಡ ರೀಸೆಟ್ ಆಗುತ್ತದೆ, ಯುಎಸ್‌ಬಿಯಿಂದಲೇ ಕಳಚಿಕೊಳ್ಳುತ್ತದೆ. ವಿಂಡೋಸ್ ‘ಟಡಂ’ ಅನ್ನುತ್ತದೆ, ಲಿನಕ್ಸ್ ಲಾಗ್‌ನಲ್ಲಿ ಡಿಸ್‌ಕನೆಕ್ಟ್ ಸಾಲು ಬರುತ್ತದೆ, ಫ್ಲ್ಯಾಶ್ ಮಾಡುವ ಪ್ರೋಗ್ರಾಂ ಇನ್‌ಪುಟ್-ಔಟ್‌ಪುಟ್ ಎರರ್ ಎಂದು ನಿಲ್ಲುತ್ತದೆ. ಲಕ್ಷಣ ಪೂರ್ತಿ ಯುಎಸ್‌ಬಿ ಕೇಬಲ್ ಸಡಿಲವಾದಂತೆಯೇ ಇರುವುದರಿಂದ ಜನ ಕೇಬಲ್ ಬದಲಿಸುತ್ತಾರೆ, ಪೋರ್ಟ್ ಬದಲಿಸುತ್ತಾರೆ, ಕೊನೆಗೆ ಲ್ಯಾಪ್‌ಟಾಪನ್ನೇ ಬೈಯುತ್ತಾರೆ.

ಕೊಂಡ ಮೇಲೆ ಪತ್ತೆ ಹಚ್ಚುವುದು ಹೀಗೆ. ಅಡಾಪ್ಟರ್‌ಗೆ ಏನೂ ಕಟ್ಟಬೇಡಿ. ಆರನೇ ಪಿನ್ನಿಗೂ ಗ್ರೌಂಡಿಗೂ ಮೀಟರ್ ಇಟ್ಟು, ಟರ್ಮಿನಲ್ ಪ್ರೋಗ್ರಾಂನಲ್ಲಿ ಪೋರ್ಟ್ ತೆರೆಯಿರಿ, ಮುಚ್ಚಿರಿ. ತೆರೆದಾಗ 0, ಮುಚ್ಚಿದಾಗ 3.3 ವೋಲ್ಟ್ ಆದರೆ ಅದು ಡಿಟಿಆರ್. ಏನು ಮಾಡಿದರೂ 3.3ರಲ್ಲೇ ಕೂತಿದ್ದರೆ ಆರ್‌ಎಸ್‌ಟಿ. ಹಲಗೆಯ ಮೇಲಿನ ಅಚ್ಚನ್ನು ಪೂರ್ತಿ ನಂಬದೆ ಇದನ್ನು ಎರಡೂ ಜಾತಿಗೆ ಮಾಡಿ.

ಆರ್‌ಎಸ್‌ಟಿಯೇ ಬಂದಿದ್ದರೆ ಬೆಸುಗೆ ಮಾಡಬಹುದು, ಕೈ ನಡುಗದಿದ್ದರೆ. ಚಿಪ್ 5 ಮಿಲಿಮೀಟರ್ ಚೌಕ, ಬದಿಗೆ ಏಳರಂತೆ 28 ಕಾಲು, ಕಾಲಿಂದ ಕಾಲಿಗೆ ಅರ್ಧ ಮಿಲಿಮೀಟರ್. ಚುಕ್ಕೆ ಎಡ ಮೇಲ್ಮೂಲೆಗೆ ಬರುವಂತೆ ಹಿಡಿದರೆ ಮೇಲಿನ ಸಾಲಿನಲ್ಲಿ ಚುಕ್ಕೆಗೆ ಅಂಟಿಕೊಂಡಂತೆ ಇರುವ ಮೊದಲನೆಯದೇ 28ನೇ ಕಾಲು, ಡಿಟಿಆರ್. ಅದೇ ಸಾಲಿನಲ್ಲಿ ಎಡದಿಂದ ಐದನೆಯದು 24, ಆರ್‌ಟಿಎಸ್, ಡಿಟಿಆರ್‌ನಂತೆಯೇ ಲ್ಯಾಪ್‌ಟಾಪ್ ಆಡಿಸುವ ಇನ್ನೊಂದು ಗೆರೆ. ಮೂಲೆಯಲ್ಲಿ ಇರುವುದರಿಂದ ಡಿಟಿಆರ್ ಸುಲಭ. ತವರ ಪಕ್ಕದ 27ಕ್ಕೆ ಹರಿದರೂ ಅದು ಡಿಎಸ್‌ಆರ್, ಬರೀ ಇನ್‌ಪುಟ್, ಸುಡುವುದಿಲ್ಲ. ಆರ್‌ಟಿಎಸ್‌ಗೆ ಕೈ ಹಾಕಬೇಡಿ, ಪಕ್ಕದಲ್ಲೇ ಆರ್‌ಎಕ್ಸ್‌ಡಿ ಇದೆ. ವೈರ್‌ಗೆ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಪ್ರತಿ ಹೋಬಳಿಗೂ ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ಸೀಲಿಂಗ್ ಫ್ಯಾನಿನ ಹಳೆ ಸುರುಳಿಯ ತೆಳ್ಳನೆ ಎನಾಮಲ್ ತಂತಿ ಒಂದು ಗೇಣು ಸಾಕು. ತುದಿಯ ಎನಾಮಲ್ ಕೆರೆದು, ಮೊದಲೇ ತವರ ಹಚ್ಚಿ, ಫ್ಲಕ್ಸ್ ಹಾಕಿ, ಒಂದೇ ಸಲ ಮುಟ್ಟಿಸಿ ತೆಗೆಯಿರಿ. ಮೇಲೆ ಒಂದು ಹನಿ ಗ್ಲೂ ಗನ್ ಅಂಟು. ಇಲ್ಲದಿದ್ದರೆ ಚೀಲದಲ್ಲಿ ಎರಡನೇ ದಿನಕ್ಕೇ ಕಿತ್ತುಬರುತ್ತದೆ.

ಡಿಟಿಆರ್ ಸಿಕ್ಕ ಮೇಲೂ ಒಂದು ಹಳ್ಳ ಇದೆ. ಅದನ್ನು ಎನ್‌ಆರ್‌ಎಸ್‌ಟಿಗೆ ನೇರ ಕಟ್ಟಿದರೆ, ಲಿನಕ್ಸ್ ಪೋರ್ಟ್ ತೆರೆದಾಗ ಡಿಟಿಆರ್ ಕೆಳಗಿಳಿದೇ ಇರುತ್ತದೆ, ಟರ್ಮಿನಲ್ ತೆರೆದಿರುವಷ್ಟು ಹೊತ್ತೂ ಬೋರ್ಡ್ ರೀಸೆಟ್‌ನಲ್ಲೇ ಬಿದ್ದಿರುತ್ತದೆ. ಲಾಗ್ ನೋಡೋಣ ಅಂದರೆ ಒಂದು ಅಕ್ಷರ ಬರುವುದಿಲ್ಲ. ಆದ್ದರಿಂದ ನಡುವೆ ಕೆಪಾಸಿಟರ್ ಬೇಕು. ಆರ್ಡುಯಿನೊ ರೂಢಿಯಂತೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಇಲ್ಲಿ ರೀಸೆಟ್ ಆಗುವುದಿಲ್ಲ. ಇದೇ ಚಿಪ್ ಇರುವ ಅಗ್ಗದ ಬ್ಲೂ ಪಿಲ್ ಬೋರ್ಡಿನಲ್ಲೂ, ನಮ್ಮ ಪ್ಯಾನೆಲ್ ಬೋರ್ಡಿನಲ್ಲೂ ಎನ್‌ಆರ್‌ಎಸ್‌ಟಿಗೆ ಆಗಲೇ ಒಂದು 0.1 ಇದೆ. ಎರಡು ಸಮ ಕೆಪಾಸಿಟರ್ ಪಾಲು ಹಂಚಿಕೊಂಡು ಗೆರೆ 3.3ರಿಂದ 1.65ಕ್ಕೆ ಮಾತ್ರ ಇಳಿಯುತ್ತದೆ. ಚಿಪ್ ರೀಸೆಟ್ ಅಂತ ಒಪ್ಪಬೇಕಾದರೆ 0.8ಕ್ಕಿಂತ ಕೆಳಗೆ ಹೋಗಬೇಕು. 1 ಮೈಕ್ರೋಫ್ಯಾರಡ್ ಹಾಕಿ. ಆಗ 0.3ಕ್ಕೆ ಇಳಿಯುತ್ತದೆ, 10 ಕಿಲೋಓಮ್ ಪುಲ್‌ಅಪ್ ಜೊತೆ ಹತ್ತು ಮಿಲಿಸೆಕೆಂಡ್ ಆಸುಪಾಸಿನ ಪಲ್ಸ್ ಸಿಗುತ್ತದೆ. ಪೋರ್ಟ್ ಮುಚ್ಚುವಾಗ ಅದೇ ಕೆಪಾಸಿಟರ್ ಗೆರೆಯನ್ನು 6 ವೋಲ್ಟ್ ಕಡೆಗೆ ಎತ್ತುತ್ತದೆ, ಹಾಗಾಗಿ ಎನ್‌ಆರ್‌ಎಸ್‌ಟಿಯಿಂದ 3.3 ವೋಲ್ಟ್‌ಗೆ ಒಂದು 1ಎನ್4148 ಡಯೋಡ್, ಪಟ್ಟಿ ಇರುವ ಕಡೆ 3.3ಕ್ಕೆ.

ಬೂಟ್0ಯನ್ನೂ ಆರ್‌ಟಿಎಸ್‌ನಿಂದ ಆಡಿಸಬಹುದು, ಎರಡು ಟ್ರಾನ್ಸಿಸ್ಟರ್ ಹಾಕಿ ಇಎಸ್‌ಪಿ32 ಬೋರ್ಡಿನವರಂತೆ. ನಾನು ಮಾಡುವುದಿಲ್ಲ. ಬೂಟ್0ಗೆ ಒಂದು ಒತ್ತುಗುಂಡಿ, 10 ಕಿಲೋಓಮ್ ನೆಲಕ್ಕೆ. ಗುಂಡಿ ಹಿಡಿದುಕೊಂಡು ಆದೇಶ ಕೊಡುವುದು. ಕೈಯಲ್ಲಿ ಹಿಡಿದ ಗುಂಡಿ ಕಣ್ಣಿಗೆ ಕಾಣುತ್ತದೆ, ಆರ್‌ಟಿಎಸ್‌ನ ಸ್ಥಿತಿ ಕಾಣುವುದಿಲ್ಲ.

ಬರೆಯುವ ಹೊತ್ತಿನಲ್ಲಿ

ಪ್ರೋಗ್ರಾಂ ಎಸ್‌ಟಿಎಂ32ಫ್ಲ್ಯಾಶ್. ಪ್ಯಾರಿಟಿಯನ್ನು ಅದೇ ಹಾಕಿಕೊಳ್ಳುತ್ತದೆ, ವೇಗ ಹೇಳದಿದ್ದರೆ 57,600 ಹಿಡಿಯುತ್ತದೆ. ಪೋರ್ಟ್ ತೆರೆದ ಕೂಡಲೇ 7ಎಫ್ ಹೋದರೆ ಚಿಪ್ ಇನ್ನೂ ರೀಸೆಟ್‌ನಲ್ಲೇ ಇರಬಹುದು. ಅದಕ್ಕೇ ಸಂಕೇತಗಳ ಸರಣಿ ಕೊಡುವ ‘ಐ’ ಆಯ್ಕೆಯಲ್ಲಿ ಡಿಟಿಆರ್ ಬಿಡಿ, ಮತ್ತೆ ಒತ್ತಿ, ಆಮೇಲೆ ಒಂದೆರಡು ಅಲ್ಪವಿರಾಮ ಹಾಕಿ. ಒಂದು ಅಲ್ಪವಿರಾಮಕ್ಕೆ 100 ಮಿಲಿಸೆಕೆಂಡ್ ಕಾಯುತ್ತದೆ. ಒಂದು ಸಲ ಸೋತರೆ, ವೇಗ ಬದಲಿಸಿ ಸುಮ್ಮನೆ ಮತ್ತೆ ಓಡಿಸಬೇಡಿ. ಚಿಪ್ ಬಾಡ್ ರೇಟ್ ಅಳೆಯುವುದು ರೀಸೆಟ್ ಆದ ಮೇಲೆ ಒಂದೇ ಸಲ.

ಎಷ್ಟು ಪುಟ ಅಳಿಸಬೇಕು ಅಂತ ‘ಇ’ ಆಯ್ಕೆಯಲ್ಲಿ ಹೇಳಿಯೇ ಬರೆಯಿರಿ. ಈ ಚಿಪ್ಪಿನಲ್ಲಿ ಪುಟ 1 ಕಿಲೋಬೈಟ್, 40 ಕಿಲೋಬೈಟ್ ಫೈಲ್‌ಗೆ 40 ಪುಟ. ರೈತರ ಮೋಟರಿನ ಆಂಪಿಯರ್ ಹೊಂದಾಣಿಕೆ ಕೊನೆಯ ಎರಡು ಪುಟದಲ್ಲಿ ಇರುತ್ತದೆ. ಪೂರ್ತಿ ಅಳಿಸಿದರೆ ಫರ್ಮ್‌ವೇರ್ ಹೊಸದಾಗುತ್ತದೆ, ಮೋಟರ್ ಮಾತ್ರ ಮೊದಲ ದಿನವೇ ಟ್ರಿಪ್ ಆಗಿ ಕೂರುತ್ತದೆ. ರೀಡ್ ಪ್ರೊಟೆಕ್ಷನ್ (ಒಳಗಿನದನ್ನು ಯಾರೂ ಓದದಂತೆ ಬೀಗ) ಹಾಕಿದ ಬೋರ್ಡಾದರೆ ಅದನ್ನು ತೆಗೆಯುವ ಕ್ರಿಯೆಯೇ ಎಲ್ಲವನ್ನೂ ಅಳಿಸುತ್ತದೆ. ಮೊದಲು ಹೊಂದಾಣಿಕೆಯ ಅಂಕಿ ಕಾಗದದ ಮೇಲೆ ಬರೆದುಕೊಳ್ಳಿ.

ವೈರ್ ಒಂದು ಅಡಿಯೊಳಗೆ ಇರಲಿ. ಪಿಎ10 ಬೋರ್ಡಿನಲ್ಲಿ ತೇಲುತ್ತಿದ್ದರೆ 3.3ಕ್ಕೆ 10 ಕಿಲೋಓಮ್ ಎಳೆಯಿರಿ. ಪಕ್ಕದ ಪ್ಯಾನೆಲ್‌ನ ಕಾಂಟ್ಯಾಕ್ಟರ್ ಒಂದು ಸಲ ಟಕ್ ಅಂದರೂ ಆ ಗದ್ದಲವನ್ನೇ ಚಿಪ್ ಮೊದಲ ಬೈಟ್ ಅಂತ ಅಳೆದು ತಪ್ಪು ವೇಗಕ್ಕೆ ಕೂರುತ್ತದೆ.

ಪ್ಯಾನೆಲ್‌ನ ಎಂಸಿಬಿ ಇಳಿಸದೆ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳದೆ ಯುಎಸ್‌ಬಿ ಚುಚ್ಚಲೇಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್‌ನಿಂದ ವೋಲ್ಟೇಜ್ ಇಳಿಸುವ ಬೋರ್ಡುಗಳು ಎಷ್ಟೋ ಇವೆ, ಅವುಗಳ ಗ್ರೌಂಡ್ ಅಂದರೆ ಮೇನ್ಸ್. ಅಡಾಪ್ಟರ್ ಗ್ರೌಂಡ್ ಅಲ್ಲಿಗೆ ತಾಗಿದರೆ ಲ್ಯಾಪ್‌ಟಾಪ್ ಹೋಗುವುದು ಸಣ್ಣ ನಷ್ಟ. ಪೂರ್ತಿ ಕರೆಂಟ್ ತೆಗೆದು, ಅಡಾಪ್ಟರ್‌ನ 5 ವೋಲ್ಟ್‌ನಿಂದ ಬೋರ್ಡಿನ ರೆಗ್ಯುಲೇಟರ್‌ಗೆ ಕೊಡಿ. 3.3 ಪಿನ್ನಿಂದ ಬೇಡ, ಸಿಪಿ2102 ಒಳಗಿನ ರೆಗ್ಯುಲೇಟರ್ 100 ಮಿಲಿಆಂಪಿಯರ್‌ಗೆ ಮುಗಿಯಿತು. ಜಿಎಸ್‌ಎಂ ಮಾಡ್ಯೂಲ್ ಇದ್ದರೆ ಕಿತ್ತಿಡಿ. ಸಿಮ್800ಎಲ್ ಒಂದೊಂದು ಕ್ಷಣ 2 ಆಂಪಿಯರ್ ಎಳೆಯುತ್ತದೆ, ಯುಎಸ್‌ಬಿ ಅಲ್ಲೇ ಮಲಗುತ್ತದೆ.

ಗ್ರೌಂಡಿನ ಹೆದರಿಕೆಗೆ ಎಚ್‌ಸಿ-05 ಬ್ಲೂಟೂತ್ ಕೂಡ ನೋಡಿದ್ದಾಯಿತು. ಯುಎಆರ್‌ಟಿ ಹೊಂದಿಸುವ ಎಟಿ ಆದೇಶದ ಮೂರನೇ ಅಂಕಿ 2 ಮಾಡಿದರೆ ಈವನ್ ಪ್ಯಾರಿಟಿ ಬರುತ್ತದೆ, ಫ್ಲ್ಯಾಶ್ ಆಗುತ್ತದೆ. ರೀಸೆಟ್ ಕೈಯಲ್ಲೇ ಮಾಡಬೇಕು, ಒಪ್ಪಿಗೆಗಳು ಆಮೆಯ ನಡಿಗೆಯಲ್ಲಿ ಬರುತ್ತವೆ.

ಎಸ್‌ಟಿಎಂ32ಗೆ ಬರೆಯಲೆಂದೇ ಇರುವ ಎಸ್‌ಟಿ-ಲಿಂಕ್ ಸಾಧನ ಯಾಕಲ್ಲ ಅನ್ನುವವರಿಗೆ: ಮೇಜಿನ ಮೇಲೆ ಅದೇ ಸರಿ, ಡಿಬಗ್ ಮಾಡಲು ಅದಿಲ್ಲದೆ ಆಗದು. ತೋಟದಲ್ಲಿ ಫ್ಲ್ಯಾಶ್ ಆದ ಮೇಲೆ ಲಾಗ್ ನೋಡಲು ಹೇಗೂ ಸೀರಿಯಲ್ ಬೇಕು, ಎರಡು ಸಾಮಾನು ಯಾಕೆ? ನಕಲಿ ಎಸ್‌ಟಿ-ಲಿಂಕ್‌ಗಳ ಹತ್ತು ಪಿನ್ನಿನ ಕ್ರಮವೂ ಒಂದು ಲಾಟಿನಿಂದ ಇನ್ನೊಂದು ಲಾಟಿಗೆ ಬದಲಾಗುತ್ತದೆ. ನೆನಪಿನಿಂದ ಕಟ್ಟಬೇಡಿ, ಡಬ್ಬಿಯ ಮೇಲೆ ಓದಿ ಕಟ್ಟಿ.

ನನ್ನ ಲ್ಯಾಪ್‌ಟಾಪ್ ಲಿನಕ್ಸ್, ತಿಂಗಳಿಗೆ ಐದಾರು ಪ್ಯಾನೆಲ್, ಒಂದಕ್ಕೆ ಹತ್ತು ನಿಮಿಷದ ಮೇಲೆ ಕೊಡುವ ಮನಸ್ಸಿಲ್ಲ. ಈ ಲೆಕ್ಕಕ್ಕೆ ಡಿಟಿಆರ್ ಇರುವ ಸಿಪಿ2102 ಎರಡು, ಕೆಟ್ಟರೆ ಇರಲಿ ಅಂತ ಸಿಎಚ್340 ಒಂದು, ಒಟ್ಟು ಐನೂರರೊಳಗೆ ಮುಗಿಯುತ್ತದೆ. ದಾವಣಗೆರೆಯಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಎಸ್‌ಪಿ ರೋಡ್ 260 ಕಿಲೋಮೀಟರ್ ದೂರ, ಅದರಿಂದ ಒಂದೇ ಕೊಳ್ಳುವುದು ಜಾಣತನವಲ್ಲ. ವಿಂಡೋಸ್‌ನಲ್ಲಿ ದಿನಕ್ಕೆ ಐವತ್ತು ಬೋರ್ಡ್ ಬರೆಯುವವರಾದರೆ, ಬಿಲ್ ಸಮೇತ ಅಸಲಿ ಎಫ್‌ಟಿ232 ತಗೊಂಡು ಟೈಮರ್ 1 ಮಾಡಿ, ನಿಮ್ಮ ಜೊತೆ ನನ್ನ ಜಗಳವಿಲ್ಲ.

ಎರಡು ಸಿಪಿ2102 ಒಟ್ಟಿಗೆ ಚುಚ್ಚುವವರಿಗೆ ಒಂದು ಸಾಲು: ಅಗ್ಗದ ಬೋರ್ಡುಗಳಲ್ಲಿ ಸೀರಿಯಲ್ ನಂಬರ್ ಬಹುತೇಕ ಎಲ್ಲದಕ್ಕೂ 0001 ಅಂತಲೇ ಇರುತ್ತದೆ. ಲಿನಕ್ಸ್‌ನಲ್ಲಿ ಐಡಿ ಹೆಸರಿನಿಂದ ಹುಡುಕಿದರೆ ಎರಡರಲ್ಲಿ ಒಂದೇ ಕಾಣುತ್ತದೆ, ಯಾವುದು ಅಂತ ಹೇಳಲಾಗದು. ಯುಎಸ್‌ಬಿ ಪೋರ್ಟ್‌ನ ಜಾಗದಿಂದ ಹೆಸರಿಸುವ ಪಾತ್ ಹೆಸರನ್ನು ಬಳಸಿ, ಎಡಗಡೆಯ ಪೋರ್ಟ್ ಫ್ಲ್ಯಾಶ್‌ಗೆ, ಬಲಗಡೆಯದು ಲಾಗ್‌ಗೆ ಅಂತ ಲ್ಯಾಪ್‌ಟಾಪ್ ಮೇಲೇ ಸ್ಕೆಚ್ ಪೆನ್ನಿನಲ್ಲಿ ಬರೆದಿಡಿ.